ತುಪ್ಪದ ಹರಳು, ಉಕ್ಕಿನ ಹರಳು

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ. ಪುಣೆಯ ಕೋಥರೂಡದಲ್ಲಿ ಆ ಹೊತ್ತಿಗೆ ಚಳಿ ಚೆನ್ನಾಗಿಯೇ ಬಿದ್ದಿರುತ್ತದೆ. ಊರಲ್ಲಿದ್ದರೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಮೂರನೆಯ ಮಹಡಿಯ ಮನೆಗೆ ಹೊಲ ಎಲ್ಲಿಂದ ಬರಬೇಕು? ಶೇಂಗಾ ಹೋಳಿಗೆ ಮಾತ್ರ ತಪ್ಪಿರಲಿಲ್ಲ. ಮೊಮ್ಮಗ ತಾಟಿನ ಮುಂದೆ ಕೂತು ತುಪ್ಪದ ವಾಟಿಯನ್ನು ಬೋರಲು ಹಿಡಿದಿದ್ದ.

“ಅಜ್ಜಾ, ತುಪ್ಪ ಬೀಳವಲ್ದು!”

ವಾಟಿಯೊಳಗೆ ಇಣುಕಿದೆ. ತುಪ್ಪ ಕಲ್ಲಾಗಿರಲಿಲ್ಲ, ನೀರೂ ಆಗಿರಲಿಲ್ಲ. ಸಣ್ಣ ರವೆಯಂಥ ಹರಳುಗಳು ಒತ್ತೊತ್ತಾಗಿ ಕೂತಿದ್ದವು. ಅವುಗಳ ಸಂದಿಯಲ್ಲಿ ಹಳದಿ ಎಣ್ಣೆ. “ಚಮಚ ಹಾಕಿ ನಾಕು ಸುತ್ತು ತಿರುವಪ್ಪಾ” ಅಂದೆ. ತಿರುವಿದ. ತುಪ್ಪ ಸಡಿಲಾಯಿತು, ಮೆಲ್ಲಗೆ ಜಾರಿ ಹೋಳಿಗೆಯ ಮೇಲೆ ಇಳಿಯಿತು.

ಏಳನೆಯ ಇಯತ್ತೆಯಲ್ಲಿರುವ ಮೊಮ್ಮಗಳಿಗೆ ಅನುಮಾನ ಬಂತು. “ಬಿಸಿ ಮಾಡಲಿಲ್ಲ, ಏನಿಲ್ಲ. ಮತ್ತ ಹೆಂಗ ಕರಗಿತು?”

“ಕರಗಿಲ್ಲವ್ವಾ. ಸರಿಯಾಗಿ ನೋಡು, ಹರಳು ಹಂಗೇ ಅದಾವ. ಅವು ಒಂದಕ್ಕೊಂದು ಕೈ ಹಿಡಕೊಂಡು ಕೂತಿದ್ವು. ನಿನ್ನ ತಮ್ಮ ಬಿಡಿಸಿದ, ಅಷ್ಟ. ಉಕ್ಕನ್ನೂ ಹಿಂಗ ತುಪ್ಪದ ಹದಕ್ಕ ತಂದು ಅಚ್ಚಿನೊಳಗ ಒತ್ತತಾರ, ಗೊತ್ತೇನು?”

ಇಬ್ಬರೂ ನಕ್ಕರು. ಉಕ್ಕು ತುಪ್ಪವಾಗುವುದೇ? ನಾನು ಮೂವತ್ತು ವರ್ಷ ಪುಣೆಯ ಒಂದು ಕಾರ್ಖಾನೆಯ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ ದುಡಿದವನು. ಉಕ್ಕನ್ನು ಕಾಯಿಸುವುದು, ಆರಿಸುವುದು, ಮತ್ತೆ ಕಾಯಿಸುವುದು, ಇದೇ ನನ್ನ ಕೆಲಸವಾಗಿತ್ತು. ಆ ನಗೆಯನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಎರಡು ವಾಟಿ ತುಪ್ಪ

ಮೊದಲು ನೀವೇ ಮಾಡಿ ನೋಡಬಹುದಾದ ಒಂದು ಕೆಲಸ. ಅಮ್ಮನಿಗೆ ಹೇಳಿ ತುಪ್ಪವನ್ನು ಪೂರ್ತಿ ಕರಗಿಸಿ ಎರಡು ವಾಟಿಗೆ ಹಾಕಿಸಿಕೊಳ್ಳಿ. ಒಂದನ್ನು ತಕ್ಷಣ ಫ್ರಿಜ್ಜಿನಲ್ಲಿಡಿ. ಇನ್ನೊಂದಕ್ಕೆ ದಪ್ಪ ಬಟ್ಟೆ ಸುತ್ತಿ ಮೂಲೆಯಲ್ಲಿಡಿ, ಅದು ನಿಧಾನವಾಗಿ ಆರಲಿ. ಮರುದಿನ ಎರಡನ್ನೂ ಬೆರಳ ತುದಿಯಲ್ಲಿ ತಿಕ್ಕಿ ನೋಡಿ. ಫ್ರಿಜ್ಜಿನದು ಬೆಣ್ಣೆಯಂತೆ ನುಣುಪಾಗಿರುತ್ತದೆ. ಬಟ್ಟೆ ಸುತ್ತಿದ್ದು ಮರಳು ಮರಳಾಗಿರುತ್ತದೆ.

ತುಪ್ಪ ಒಂದೇ, ಡಬ್ಬಿಯೂ ಒಂದೇ. ಹೊಸದಾಗಿ ಏನನ್ನೂ ಸೇರಿಸಿಲ್ಲ, ಇದ್ದದ್ದನ್ನು ತೆಗೆದೂ ಇಲ್ಲ. ಆರಿದ ರೀತಿಯೊಂದೇ ಬೇರೆ. ನಿಧಾನವಾಗಿ ಆರಿದ ತುಪ್ಪದಲ್ಲಿ ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಕ್ಕಿತು. ಬೇಗ ಆರಿದ್ದರಲ್ಲಿ ಸಾವಿರಾರು ಹರಳು ಒಮ್ಮೆಲೇ ಹುಟ್ಟಿದವು, ಯಾವುದಕ್ಕೂ ಬೆಳೆಯಲು ಜಾಗ ಸಿಗಲಿಲ್ಲ.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಮಂಜುಗಡ್ಡೆ 0 ಡಿಗ್ರಿಯಲ್ಲಿ ಕರಗುತ್ತದೆ, ಆ ಒಂದೇ ಮೆಟ್ಟಿಲಿನಲ್ಲಿ ಎಲ್ಲ ಮುಗಿಯುತ್ತದೆ. ತುಪ್ಪ ಹಾಗಲ್ಲ. ಅದರಲ್ಲಿ ಹಲವು ಬಗೆಯ ಜಿಡ್ಡುಗಳಿವೆ. ಕೆಲವು ಬೇಗ ಕರಗುತ್ತವೆ, ಕೆಲವು ತಡವಾಗಿ. ಹಾಗಾಗಿ ನಡುವೆ ಅರ್ಧ ಗಟ್ಟಿ, ಅರ್ಧ ನೀರು ಎಂಬ ಸ್ಥಿತಿಯೊಂದು ಬರುತ್ತದೆ. ಕಬ್ಬಿಣದಲ್ಲೂ ಈ ಎರಡು ಬಗೆ ಇವೆ. ಅಪ್ಪಟ ಕಬ್ಬಿಣ 1538 ಡಿಗ್ರಿಯಲ್ಲಿ ಮಂಜುಗಡ್ಡೆಯ ಹಾಗೆ ಕರಗುತ್ತದೆ. ಇಂಗಾಲ, ಕ್ರೋಮಿಯಂ ಬೆರೆತ ಉಕ್ಕು ತುಪ್ಪದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕರಗುತ್ತದೆ.

“ಆದ್ರ ಉಕ್ಕಿನೊಳಗ ಹರಳು ಎಲ್ಲೈತಿ? ಅದು ಒಂದ ಗಟ್ಟಿ ತುಂಡಲ್ಲ?” ಮೊಮ್ಮಗಳು ಅಷ್ಟಕ್ಕೆ ಬಿಡುವವಳಲ್ಲ.

ನಾಲ್ಕು ಸೂಜಿ

ಅಜ್ಜಿಯ ಹೊಲಿಗೆ ಡಬ್ಬಿಯಿಂದ ನಾಲ್ಕು ಸೂಜಿ ತಂದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪಕ್ಕಡ ಹಿಡಿದು ಗ್ಯಾಸ್ ಒಲೆಯ ಮುಂದೆ ನಿಂತೆ. ಮಕ್ಕಳನ್ನು ಎರಡು ಮಾರು ದೂರ ನಿಲ್ಲಿಸಿದೆ. ಇದು ದೊಡ್ಡವರು ಮಾಡಿ ತೋರಿಸಬೇಕಾದ ಕೆಲಸ. ನೀವು ನೋಡಿದರೆ ಸಾಕು.

ಮೊದಲನೆಯ ಸೂಜಿಯನ್ನು ಇದ್ದ ಹಾಗೇ ಬಗ್ಗಿಸಿದೆ. ಸ್ವಲ್ಪ ಬಾಗಿತು, ಆಮೇಲೆ ಟಕ್ಕನೆ ಮುರಿಯಿತು. ಎರಡನೆಯದನ್ನು ಉರಿಯಲ್ಲಿ ಕೆಂಪಗೆ ಕಾಯಿಸಿ, ಉರಿಯಿಂದ ಒಂದೊಂದೇ ಇಂಚು ದೂರ ಸರಿಸುತ್ತ ನಿಧಾನವಾಗಿ ಆರಿಸಿದೆ. ಅದು ತಂತಿಯ ಹಾಗೆ ಮಣಿಯಿತು, ಉಂಗುರದಂತೆ ಸುತ್ತಿದರೂ ಮುರಿಯಲಿಲ್ಲ. ಮೂರನೆಯದನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ನೀರಿಗೆ ಹಾಕಿದೆ. ಚುಯ್ ಅಂತು. ಬಗ್ಗಿಸಹೋದರೆ ಗಾಜಿನ ಕಡ್ಡಿಯ ಹಾಗೆ ತುಂಡಾಯಿತು. ನಾಲ್ಕನೆಯದನ್ನೂ ಕೆಂಪಗೆ ಕಾಯಿಸಿ ನೀರಿಗೆ ಹಾಕಿ ತೆಗೆದೆ. ಉಸುಕಿನ ಕಾಗದದಿಂದ ಹೊಳಪು ಬರುವಂತೆ ತಿಕ್ಕಿ, ಉರಿಯ ಮೇಲೆತ್ತರದಲ್ಲಿ ಹಿಡಿದು ಮೆಲ್ಲಗೆ ಬೆಚ್ಚಗೆ ಮಾಡಿದೆ. ಸೂಜಿಯ ಮೈ ಮೊದಲು ಒಣಹುಲ್ಲಿನ ಬಣ್ಣಕ್ಕೆ ಬಂತು, ಅದು ಸುಮಾರು 230 ಡಿಗ್ರಿ. ಆಮೇಲೆ ನವಿಲಿನ ಕತ್ತಿನ ನೀಲಿಗೆ ತಿರುಗಿತು, ಅದು ಸುಮಾರು 300 ಡಿಗ್ರಿ. ಅಲ್ಲಿಗೆ ನಿಲ್ಲಿಸಿದೆ. ಈ ಸೂಜಿ ಸ್ಪ್ರಿಂಗಿನ ಹಾಗೆ ಬಾಗಿ ಮತ್ತೆ ನೆಟ್ಟಗಾಯಿತು.

ನಾಲ್ಕೂ ಒಂದೇ ಚೀಟಿಯ ಸೂಜಿಗಳು. ಕಾಯಿಸಿದ ರೀತಿಗೆ, ಆರಿಸಿದ ರೀತಿಗೆ ಒಂದೊಂದರ ಸ್ವಭಾವ ಒಂದೊಂದಾಯಿತು. ನಮ್ಮೂರ ಕಮ್ಮಾರಸಾಲೆಯಲ್ಲಿ ಕುಡುಗೋಲನ್ನು ಕಾಯಿಸಿ, ಬಡಿದು, ನೀರಿಗದ್ದಿ ಹದ ಹಾಕುತ್ತಿದ್ದರಲ್ಲ, ಅದೂ ಇದೇ ವಿದ್ಯೆ. ಮರಾಠಿಯವರು ಇದಕ್ಕೆ ‘ಪಾಣಿ ದೇಣೆ’ ಅನ್ನುತ್ತಾರೆ, ನೀರು ಕೊಡುವುದು ಅಂತ. ನಮ್ಮ ಕಾರ್ಖಾನೆಯಲ್ಲಿ ಹಾರ್ಡನಿಂಗ್, ಟೆಂಪರಿಂಗ್ ಅಂತಿದ್ದೆವು. ಹೆಸರು ಮೂರು, ಕೆಲಸ ಒಂದೇ.

ಒಳಗೆ ಏನಾಗುತ್ತದೆ? ಕಬ್ಬಿಣದ ಪರಮಾಣುಗಳು ಕಂಡಕಂಡಲ್ಲಿ ಬಿದ್ದಿರುವುದಿಲ್ಲ, ಶಾಲೆಯ ಪ್ರಾರ್ಥನೆಯ ಹೊತ್ತಿನ ಹುಡುಗರ ಹಾಗೆ ಸಾಲಾಗಿ ನಿಂತಿರುತ್ತವೆ. ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ತಣ್ಣಗಿರುವಾಗ ಪೆಟ್ಟಿಗೆಯ ಎಂಟು ಮೂಲೆಗೆ ಒಂದೊಂದು, ನಟ್ಟನಡುವೆ ಒಂದು. 912 ಡಿಗ್ರಿ ದಾಟಿದರೆ ಅಪ್ಪಟ ಕಬ್ಬಿಣ ಸಾಲು ಬದಲಿಸಿಬಿಡುತ್ತದೆ. ನಡುವಿನದು ಹೋಗಿ ಪೆಟ್ಟಿಗೆಯ ಆರು ಮೈಗಳ ಮಧ್ಯೆ ಒಂದೊಂದು ನಿಲ್ಲುತ್ತದೆ. ಈ ಎರಡನೆಯ ಮನೆಯ ಹೆಸರು ಆಸ್ಟೆನೈಟ್. ಇಂಗ್ಲೆಂಡಿನ ಲೋಹವಿಜ್ಞಾನಿ ರಾಬರ್ಟ್ಸ್-ಆಸ್ಟೆನ್ ಅವರ ನೆನಪಿಗೆ ಇಟ್ಟ ಹೆಸರು ಅದು. ಈ ಮನೆಯಲ್ಲಿ ಇಂಗಾಲದ ಪುಟ್ಟ ಪರಮಾಣುಗಳಿಗೆ ಕೂರಲು ಒಳ್ಳೆಯ ಸಂದಿಗಳಿವೆ. ಮೊದಲನೆಯ ಮನೆಯಲ್ಲಿ ಅಂಥ ಜಾಗ ಬಹಳ ಕಡಿಮೆ.

ಕೆಂಪಗೆ ಕಾದ ಸೂಜಿ ನಿಧಾನವಾಗಿ ಆರಿದರೆ, ಇಂಗಾಲ ‘ಇನ್ನು ಇಲ್ಲಿ ಜಾಗವಿಲ್ಲ’ ಎಂದು ಹೊರಗೆ ಬಂದು ಬೇರೆ ಗುಂಪು ಕಟ್ಟಿಕೊಳ್ಳುತ್ತದೆ. ಉಕ್ಕು ಮೆದುವಾಗುತ್ತದೆ. ಒಮ್ಮೆಲೇ ನೀರಿಗೆ ಬಿದ್ದರೆ ಹೊರಗೆ ಬರಲು ಸಮಯವೇ ಇಲ್ಲ. ಮನೆ ಬದಲಾಗುತ್ತದೆ, ಇಂಗಾಲ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸಂಜೆ ಕೋಥರೂಡ ಡಿಪೋಗೆ ಬರುವ ತುಂಬಿದ ಬಸ್ಸನ್ನು ನೆನೆಸಿಕೊಳ್ಳಿ: ಯಾರೂ ಅತ್ತಿತ್ತ ಅಲುಗಾಡುವ ಹಾಗಿಲ್ಲ. ಪರಮಾಣುಗಳ ಸಾಲು ಒಂದರ ಮೇಲೊಂದು ಜಾರಿದರೆ ತಾನೇ ಲೋಹ ಬಾಗುವುದು? ಜಾರಲು ಆಗದಿದ್ದರೆ ಅದು ಗಡಸು. ಈ ಇಕ್ಕಟ್ಟಿನ ಮನೆಯೇ ಮಾರ್ಟೆನ್ಸೈಟ್. ಇದು ಜರ್ಮನಿಯ ಮಾರ್ಟೆನ್ಸ್ ಅವರ ಹೆಸರಿನದು. ಆಮೇಲೆ ಸ್ವಲ್ಪ ಬೆಚ್ಚಗೆ ಮಾಡಿದರೆ ಒಂದಷ್ಟು ಇಂಗಾಲ ಬಸ್ಸಿನಿಂದ ಇಳಿಯುತ್ತದೆ. ಗಡಸುತನ ತುಸು ಕಡಿಮೆಯಾಗುತ್ತದೆ, ಗಾಜಿನ ಹಾಗೆ ಮುರಿಯುವ ಕೆಟ್ಟ ಗುಣವೂ ಹೋಗುತ್ತದೆ.

ಕಲ್ಲಿನ ಕಣ್ಣಿನಿಂದ ಉಕ್ಕನ್ನು ನೋಡಿದವರು

ಈ ಒಳಮನೆಗಳನ್ನು ಜನ ಮೊದಲು ಕಂಡದ್ದು ಹೇಗೆ? ಇಂಗ್ಲೆಂಡಿನ ಶೆಫೀಲ್ಡ್ ಎಂಬ ಊರಿನಲ್ಲಿ ಹೆನ್ರಿ ಕ್ಲಿಫ್ಟನ್ ಸೋರ್ಬಿ ಎಂಬುವರಿದ್ದರು. ಅವರಿಗೆ ಕಲ್ಲುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಹವ್ಯಾಸ. 1863ರ ಸುಮಾರಿಗೆ ಅದೇ ಕಣ್ಣನ್ನು ಉಕ್ಕಿನ ಕಡೆಗೆ ತಿರುಗಿಸಿದರು. ಉಕ್ಕಿನ ಚೂರನ್ನು ಕನ್ನಡಿಯ ಹಾಗೆ ಉಜ್ಜಿ, ಮೇಲೆ ತೆಳುವಾದ ಆಮ್ಲ ಸವರಿದರು. ಆಮ್ಲ ಎಲ್ಲ ಕಡೆ ಒಂದೇ ಸಮ ಕೊರೆಯುವುದಿಲ್ಲ. ಹರಳಿನ ಅಂಚನ್ನು ಹೆಚ್ಚು, ಮೈಯನ್ನು ಕಡಿಮೆ ಕೊರೆಯುತ್ತದೆ. ಹಾಗಾಗಿ ಗಡಿಗಳೆಲ್ಲ ಗೆರೆ ಎಳೆದಂತೆ ಎದ್ದು ಕಂಡವು. ನಿಧಾನವಾಗಿ ಆರಿದ ಉಕ್ಕಿನಲ್ಲಿ ಪದರ ಪದರವಾಗಿ ಮುತ್ತಿನ ಚಿಪ್ಪಿನಂತೆ ಹೊಳೆಯುವ ಭಾಗವಿತ್ತು. ಇಂದಿಗೂ ಅದರ ಹೆಸರು ಪರ್ಲೈಟ್, ಮುತ್ತಿನಂಥದ್ದು ಅಂತ.

ನಮ್ಮ ಮಾತಿಗೂ ಈ ಕಥೆಯಲ್ಲಿ ಜಾಗವಿದೆ. ದಕ್ಷಿಣ ಭಾರತದ ಕಮ್ಮಾರರು ಮಣ್ಣಿನ ಮೂಸೆಯಲ್ಲಿ ಕಬ್ಬಿಣ, ಕಟ್ಟಿಗೆ ಹಾಕಿ ಕಾಯಿಸಿ ಒಂದು ಸೊಗಸಾದ ಉಕ್ಕು ಮಾಡುತ್ತಿದ್ದರು. ಅದರ ಗಟ್ಟಿಗಳು ಲಂಡನ್ ಮುಟ್ಟಿದಾಗ ಅಲ್ಲಿನವರು ತಲೆ ಕೆಡಿಸಿಕೊಂಡರು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ ರಾಯಲ್ ಸೊಸೈಟಿಯಲ್ಲಿ ಪ್ರಬಂಧ ಓದಿದರು. ಮುಂದೆ ಮೈಕೇಲ್ ಫ್ಯಾರಡೆ ಕೂಡ ಅದರ ಮೇಲೆ ಪ್ರಯೋಗ ಮಾಡಿದರು. ಅವರೆಲ್ಲ ಅದನ್ನು ‘ವೂಟ್ಜ್’ ಎಂದು ಕರೆದರು. ಅದು ನಮ್ಮ ‘ಉಕ್ಕು’ ಎಂಬ ಮಾತೇ ನಾಲಿಗೆ ಹೊರಳದೆ ಹಾಗಾದದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ.

ಮರವನ್ನು ಉಂಡೆ ಮಾಡಿದ ವಿದ್ಯಾರ್ಥಿ

ಈಗ ತುಪ್ಪದ ಹದಕ್ಕೆ ಬರೋಣ. 1971ರ ಸುಮಾರಿಗೆ ಎಂ.ಐ.ಟಿ.ಯಲ್ಲಿ ಡೇವಿಡ್ ಸ್ಪೆನ್ಸರ್ ಎಂಬ ವಿದ್ಯಾರ್ಥಿ ಒಂದು ಪ್ರಯೋಗ ಮಾಡುತ್ತಿದ್ದ ಎಂದು ಶುರು ಮಾಡಿದೆ.

“ನಮ್ಮ ಪೌಡ್ ರೋಡಿನ ಎಂ.ಐ.ಟಿ. ಏನಜ್ಜಾ?” ಚಿಕ್ಕವನ ಕಣ್ಣು ಅರಳಿತು. ಕೋಥರೂಡದಲ್ಲೂ ಅದೇ ಹೆಸರಿನ ಕಾಲೇಜಿದೆ, 1983ರಲ್ಲಿ ಶುರುವಾದದ್ದು. ನಾನು ಹೇಳಿದ್ದು ಅಮೆರಿಕದ ಬಾಸ್ಟನ್ ನಗರದ ಮಗ್ಗುಲಿನದು. ಹಾಗಂತ ಅದಕ್ಕೂ ಕೋಥರೂಡಕ್ಕೂ ನಂಟೇ ಇಲ್ಲ ಎನ್ನುವ ಹಾಗಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು, ಮುಂದೆ ಕಬ್ಬಿಣದ ನೇಗಿಲು ಮಾಡಿದವರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂದು ಆಗ ರೈತರು ಆ ನೇಗಿಲನ್ನು ಮುಟ್ಟಲು ಅಂಜಿದರಂತೆ. ಲಕ್ಷ್ಮಣರಾವ್ ಅವರ ಮಗ ಶಂತನುರಾವ್ ಬಾಸ್ಟನ್ ಮಗ್ಗುಲಿನ ಆ ಎಂ.ಐ.ಟಿ.ಯಲ್ಲೇ ಓದಿ 1926ರಲ್ಲಿ ಪದವಿ ಪಡೆದರು. 1962ರಲ್ಲಿ ಶುರುವಾದ ಕಿರ್ಲೋಸ್ಕರ್ ಕಮ್ಮಿನ್ಸ್ ಡೀಸೆಲ್ ಇಂಜಿನ್ ಕಾರ್ಖಾನೆ ಬಂದದ್ದು ಇದೇ ಕೋಥರೂಡಕ್ಕೆ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟಿಗೆ ಮೇಲ್ಮೈ ಸವೆಯದಷ್ಟು ಗಡಸು ಬೇಕು, ಒಡಲು ಮುರಿಯದಷ್ಟು ಗಟ್ಟಿಮುಟ್ಟಾಗಿರಬೇಕು. ಒಂದೇ ತುಂಡಿಗೆ ಎರಡು ಸ್ವಭಾವ ಕೊಡುವುದು ಕಾವಿನ ಕೆಲಸ.

ಸ್ಪೆನ್ಸರ್ ಕಥೆಗೆ ಮರಳೋಣ. ಅವನ ಗುರುಗಳು ಮರ್ಟನ್ ಫ್ಲೆಮಿಂಗ್ಸ್. ಅರ್ಧ ಆರಿದ ಎರಕದ ಲೋಹ ಯಾಕೆ ಬಿರುಕು ಬಿಡುತ್ತದೆ ಎಂಬುದು ಅವರ ಪ್ರಶ್ನೆ. ತವರ ಮತ್ತು ಸೀಸ ಬೆರೆಸಿ ಕರಗಿಸಿ, ಆರುತ್ತಿರುವಾಗಲೇ ಅದನ್ನು ತಿರುವುತ್ತ, ಎಷ್ಟು ಗಟ್ಟಿಯಾಗುತ್ತಿದೆ ಎಂದು ಸ್ಪೆನ್ಸರ್ ಅಳೆಯುತ್ತಿದ್ದ. ಸಾಮಾನ್ಯವಾಗಿ ನೂರರಲ್ಲಿ ಇಪ್ಪತ್ತು ಪಾಲು ಗಟ್ಟಿಯಾದರೆ ಸಾಕು, ಲೋಹ ಬಿಗಿದು ನಿಲ್ಲುತ್ತದೆ. ತಿರುವುತ್ತಲೇ ಇದ್ದಾಗ ನಲವತ್ತು ಪಾಲು ಗಟ್ಟಿಯಾದರೂ ಅದು ಮಂದ ಎಣ್ಣೆಯ ಹಾಗೆ ಹರಿಯುತ್ತಿತ್ತು!

ಕಾರಣ ಸೂಕ್ಷ್ಮದರ್ಶಕದಲ್ಲಿ ಕಂಡಿತು. ಸುಮ್ಮನೆ ಬಿಟ್ಟು ಆರಿಸಿದರೆ ಲೋಹದ ಹರಳು ಪುಟ್ಟ ಮರದಂತೆ ಬೆಳೆಯುತ್ತದೆ. ಕಾಂಡ, ಕೊಂಬೆ, ಕೊಂಬೆಗೆ ಟಿಸಿಲು. ಒಂದು ಮರದ ಕೊಂಬೆ ಇನ್ನೊಂದಕ್ಕೆ ಸಿಕ್ಕಿ ಜಾಲಿ ಮೆಳೆಯಾಗುತ್ತದೆ, ಹರಿಯಲು ದಾರಿಯಿಲ್ಲ. ತಿರುವುತ್ತಿದ್ದರೆ ಆ ಕೊಂಬೆಗಳಿಗೆ ಹರಡಲು ಆಗುವುದಿಲ್ಲ, ಹರಳುಗಳು ದುಂಡಗೆ ಉಂಡೆಯಾಗುತ್ತವೆ. ಮುಳ್ಳಿನ ಕಂಟಿಗಳನ್ನು ಚೀಲದಿಂದ ಸುರಿಯಲಾಗದು, ಜೋಳವನ್ನು ಸುರಿಯಬಹುದು. ಅಷ್ಟೇ ವ್ಯತ್ಯಾಸ.

ಇಂಥ ಅರೆಗರಗಿದ ಲೋಹ ಗಟ್ಟಿ ಮೊಸರಿನ ಹಾಗೆ. ಸುಮ್ಮನಿದ್ದಾಗ ಗಡ್ಡೆಯಾಗಿ ನಿಂತಿರುತ್ತದೆ, ಚಾಕುವಿನಿಂದ ಕತ್ತರಿಸಲೂಬಹುದು. ಒತ್ತಿ ನೂಕಿದರೆ ಹರಿಯುತ್ತದೆ. ಅಚ್ಚಿನೊಳಗೆ ಒತ್ತಿದಾಗ ನೀರಿನ ಹಾಗೆ ಚಿಮ್ಮುವುದಿಲ್ಲ, ದೋಸೆ ಹಿಟ್ಟಿನ ಹಾಗೆ ಮೆಲ್ಲಗೆ ತುಂಬಿಕೊಳ್ಳುತ್ತದೆ. ಹಾಗಾಗಿ ಗಾಳಿಯ ಗುಳ್ಳೆ ಸಿಕ್ಕಿಕೊಳ್ಳುವುದು ಕಡಿಮೆ. ಅರ್ಧ ಪಾಲು ಮೊದಲೇ ಗಟ್ಟಿಯಾಗಿರುವುದರಿಂದ ಆರುವಾಗ ಕುಗ್ಗುವುದೂ ಕಡಿಮೆ.

ಉಕ್ಕಿನ ದ್ವೀಪಗಳು

“ಹಂಗಾರ ಉಕ್ಕಿನೊಳಗೂ ಸೌಟು ಹಾಕಿ ತಿರುವ್ಯಾರೇನು?”

ಸುಡುಸುಡು ಉಕ್ಕಿಗೆ ಸೌಟು ಹಾಕುವುದು ಸುಲಭವಲ್ಲ. ಅದಕ್ಕೆ ಬೇರೆ ಉಪಾಯವಿದೆ. ಮೊದಲೇ ಚೆನ್ನಾಗಿ ಬಡಿದು, ಹರಳು ಸಣ್ಣದು ಮಾಡಿದ ಉಕ್ಕಿನ ಸರಳನ್ನು ಅರ್ಧ ಕರಗುವವರೆಗೆ ಕಾಯಿಸಿದರೆ ಸಾಕು. ಕಲ್ಲುಸಕ್ಕರೆಯ ತುಂಡು ಬಾಯಲ್ಲಿ ಹಾಕಿಕೊಂಡಾಗ ಏನಾಗುತ್ತದೆ? ಮೊನಚು ಮೂಲೆಗಳು ಮೊದಲು ಕರಗಿ ತುಂಡು ದುಂಡಗಾಗುತ್ತದೆ. ಉಕ್ಕಿನ ಹರಳೂ ತನ್ನ ಸುತ್ತ ಕರಗಿದ ರಸದಲ್ಲಿ ಹಾಗೆಯೇ ದುಂಡಗಾಗುತ್ತದೆ.

ವಿಜ್ಞಾನಿಗಳು ಇದಕ್ಕೆ ಬಹಳ ಇಷ್ಟಪಟ್ಟು ಬಳಸಿದ ಉಕ್ಕೊಂದಿದೆ. ತಗಡು ಕತ್ತರಿಸುವ ಡೈ ಮಾಡಲು ಬಳಸುವ ಗಡಸು ಉಕ್ಕು ಅದು. ನೂರರಲ್ಲಿ ಸುಮಾರು 2 ಪಾಲು ಇಂಗಾಲ, 12 ಪಾಲು ಕ್ರೋಮಿಯಂ. ಸುಮಾರು 1220 ಡಿಗ್ರಿ ದಾಟಿದ ಮೇಲೆ ಅದು ಕರಗಲು ಶುರುವಾಗುತ್ತದೆ, ಪೂರ್ತಿ ನೀರಾಗಲು ಇನ್ನೂ ನೂರಕ್ಕೂ ಹೆಚ್ಚು ಡಿಗ್ರಿ ಬೇಕು. ನಡುವಿನ ಆ ಹಾದಿಯಲ್ಲೇ ತುಪ್ಪದ ಹದ ಸಿಗುತ್ತದೆ. ಹದ ನೋಡಿ ಅಚ್ಚಿಗೆ ಒತ್ತಿದರೆ, ತಣ್ಣಗಿನ ಅಚ್ಚು ತಾಕಿ ಉಕ್ಕು ಬೇಗ ಆರುತ್ತದೆ.

ಆರಿದ ತುಂಡನ್ನು ಸೋರ್ಬಿಯ ಹಾಗೆ ಉಜ್ಜಿ, ಆಮ್ಲ ಸವರಿ ನೋಡಿದ ಚಿತ್ರವನ್ನು ಮಕ್ಕಳಿಗೆ ತೋರಿಸಿದೆ. “ಅಯ್, ಕೃಷ್ಣಾ ನದಿ ಮಹಾಪೂರದಾಗ ಊರು ನಡುಗಡ್ಡೆ ಆದಂಗೈತಿ!” ಅಂದಳು ಮೊಮ್ಮಗಳು. ಸರಿಯಾಗಿಯೇ ಹೇಳಿದಳು. ತಲೆಗೂದಲಿನ ದಪ್ಪದ ಆಸುಪಾಸಿನ ದುಂಡು ದ್ವೀಪಗಳು. ಅವುಗಳ ನಡುವೆ ಜಾಲದಂತೆ ಹರಡಿದ ಕಾಲುವೆಗಳು. ದ್ವೀಪಗಳೆಂದರೆ ಕರಗದೆ ಉಳಿದ ಹರಳುಗಳು. ಕಾಲುವೆಯೆಂದರೆ ಕರಗಿ ಮತ್ತೆ ಗಟ್ಟಿಯಾದ ರಸ. ಇಂಗಾಲ ಮತ್ತು ಕ್ರೋಮಿಯಂ ಕೂಡಿ ಆದ ಕಾರ್ಬೈಡ್ ಎಂಬ ವಸ್ತು ಅದರಲ್ಲಿ ತುಂಬಿದೆ. ಕಾರ್ಬೈಡ್ ಬಹಳ ಗಡಸು, ಅಷ್ಟೇ ಬೇಗ ಒಡೆಯುವಂಥದ್ದು.

ಇಲ್ಲೊಂದು ಚಮತ್ಕಾರವಿದೆ. ಬೇಗ ಆರಿದ ಉಕ್ಕು ಮಾರ್ಟೆನ್ಸೈಟ್ ಆಗಬೇಕು ಎಂದು ಸೂಜಿ ಹೇಳಿತ್ತಲ್ಲವೇ? ದ್ವೀಪಗಳು ಹಾಗೆ ಆಗಲಿಲ್ಲ. ಬಿಸಿಯಲ್ಲಿ ಮಾತ್ರ ಇರಬೇಕಾದ ಆಸ್ಟೆನೈಟ್ ಮನೆಯಲ್ಲೇ ಉಳಿದುಬಿಟ್ಟವು. ಯಾಕೆಂದರೆ ಅಷ್ಟು ಕಾದಾಗ ದ್ವೀಪಗಳು ಹೊಟ್ಟೆ ತುಂಬ ಇಂಗಾಲ, ಕ್ರೋಮಿಯಂ ಕರಗಿಸಿಕೊಂಡಿದ್ದವು. ಒಳಗೆ ಇವು ಹೆಚ್ಚಿದಷ್ಟೂ ಮನೆ ಬದಲಿಸಲು ಹೆಚ್ಚು ಚಳಿ ಬೇಕಾಗುತ್ತದೆ. ಈ ಉಕ್ಕಿನಲ್ಲಿ ಅದಕ್ಕೆ ನಮ್ಮ ಕೋಣೆಯ ತಂಪೂ ಸಾಲದು. ಬದಲಾಗಬೇಕಾದದ್ದು ಬದಲಾಗದೆ, ತಡೆದು ನಿಂತಿರುತ್ತದೆ.

ಕಾಯಿಸಿದರೆ ಗಟ್ಟಿ!

ತಡೆದು ನಿಂತದ್ದನ್ನು ಕಂಡುಹಿಡಿಯಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ, ಅಯಸ್ಕಾಂತವೂ ಹೇಳುತ್ತದೆ. ಆಸ್ಟೆನೈಟಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಮಾರ್ಟೆನ್ಸೈಟಿಗೆ ಹಿಡಿಯುತ್ತದೆ. ಅಚ್ಚಿನಿಂದ ಆಗತಾನೆ ಬಂದ ನಮ್ಮ ಉಕ್ಕಿನ ತುಂಡು ಅಯಸ್ಕಾಂತಕ್ಕೆ ಹೆಚ್ಚು ಸೊಪ್ಪು ಹಾಕುವುದಿಲ್ಲ.

ಈಗ ಆ ತುಂಡನ್ನು ಕುಲುಮೆಯಲ್ಲಿಟ್ಟು 500 ಡಿಗ್ರಿಗೂ ತುಸು ಮೇಲೆ ಕಾಯಿಸೋಣ. ಕರಗುವ ಮಾತಿಲ್ಲ, ಆಕಾರ ಕೆಡುವುದಿಲ್ಲ. ಆ ಕಾವಿಗೆ ಪರಮಾಣುಗಳಿಗೆ ನಾಲ್ಕು ಹೆಜ್ಜೆ ಓಡಾಡುವಷ್ಟು ತ್ರಾಣ ಮಾತ್ರ ಬರುತ್ತದೆ. ದ್ವೀಪದೊಳಗೆ ಸಿಕ್ಕಿದ್ದ ಇಂಗಾಲ, ಕ್ರೋಮಿಯಂ ಜೊತೆ ಸೇರಿ ಅತಿ ಸಣ್ಣ ಕಾರ್ಬೈಡ್ ಕಣಗಳಾಗಿ ಹೊರಬೀಳುತ್ತವೆ. ಚಹಾ ಆರಿದಾಗ ಹೆಚ್ಚಾದ ಸಕ್ಕರೆ ತಳಕ್ಕೆ ಬೀಳುವುದಿಲ್ಲವೇ, ಹಾಗೆ. ದ್ವೀಪದ ಹೊಟ್ಟೆ ಹಗುರಾಯಿತು. ಈಗ ಮನೆ ಬದಲಿಸಲು ಅಷ್ಟು ಚಳಿ ಬೇಕಿಲ್ಲ. ಕುಲುಮೆಯಿಂದ ತೆಗೆದು ಆರಿಸುವಾಗ ಆಸ್ಟೆನೈಟ್ ಮಾರ್ಟೆನ್ಸೈಟ್ ಆಗುತ್ತದೆ. ಜೊತೆಗೆ ಆ ಸಣ್ಣ ಕಣಗಳು ಹಾದಿಯ ತುಂಬ ಉಬ್ಬು ಹಾಕಿದ ಹಾಗೆ, ಪರಮಾಣುಗಳ ಸಾಲು ಜಾರದಂತೆ ತಡೆಯುತ್ತವೆ. ಉಕ್ಕು ಮೊದಲಿಗಿಂತ ಗಡಸಾಗುತ್ತದೆ, ಅಯಸ್ಕಾಂತವೂ ಗಟ್ಟಿಯಾಗಿ ಕಚ್ಚುತ್ತದೆ.

“ಅಂದ್ರ ಸೂಜಿ ಉಲ್ಟಾ!” ಅಂದಳು ಮೊಮ್ಮಗಳು. “ಸೂಜಿ ಎರಡನೇ ಸಲ ಬೆಚ್ಚಗ ಮಾಡಿದ್ರ ಮೆತ್ತಗಾತು. ಇದು ಗಟ್ಟಿ ಆಗತೈತಿ.”

ಹೌದು. ಕಾವು ಇಬ್ಬರಿಗೂ ಮಾಡಿದ ಕೆಲಸ ಒಂದೇ, ಪರಮಾಣುಗಳಿಗೆ ಓಡಾಡಲು ಬಿಟ್ಟದ್ದು. ಸೂಜಿಯಲ್ಲಿ ಮೊದಲೇ ಇಕ್ಕಟ್ಟಿತ್ತು, ಅದು ಸಡಿಲಾಯಿತು. ಇಲ್ಲಿ ಮೊದಲು ಬದಲಾಗದೆ ನಿಂತದ್ದು ಈಗ ಬದಲಾಯಿತು. ಎಲ್ಲಿಂದ ಹೊರಟಿದ್ದೇವೆ ಎಂಬುದರ ಮೇಲೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದು ನಿಂತಿದೆ.

ಕಾವು ಹೆಚ್ಚಾದರೆ, ಹೊತ್ತು ಮೀರಿದರೆ ಈ ಉಕ್ಕೂ ಮೆದುವಾಗುತ್ತದೆ. ಕಣಗಳು ದಪ್ಪಗಾಗುತ್ತವೆ, ಮನೆಗಳು ನಿಧಾನವಾಗಿ ಆರಿದ ಸೂಜಿಯ ಕಡೆಗೆ ವಾಲುತ್ತವೆ. ಕಾಲುವೆಗಳ ಆ ಜಾಲ ಮಾತ್ರ ಹಠಮಾರಿ. 500 ಡಿಗ್ರಿಯ ಕಾವಿಗೆ ಅದು ಜಗ್ಗುವುದಿಲ್ಲ. ಪೆಟ್ಟು ಬಿದ್ದಾಗ ಬಿರುಕು ಅದರ ಗುಂಟವೇ ಓಡುತ್ತದೆ. ಜಾಲವನ್ನು ಒಡೆಯಲು ಬಿಸಿಯಲ್ಲಿ ಬಡಿಯಬೇಕು. ಕಾವಿನ ಜೊತೆ ಸುತ್ತಿಗೆ ಯಾಕೆ ಬೇಕು ಎಂಬುದು ನಮ್ಮ ಕಮ್ಮಾರರಿಗೆ ಬಹಳ ಹಿಂದೆಯೇ ತಿಳಿದಿತ್ತು.

“ಇಷ್ಟ ಚಲೋ ಇದ್ರ ಎಲ್ಲಾ ಕಡೆ ಯಾಕ ಮಾಡೂದಿಲ್ಲ?” ಇದು ಚಿಕ್ಕವನ ಪ್ರಶ್ನೆ, ಎಲ್ಲಕ್ಕಿಂತ ಕಷ್ಟದ್ದು. ಕಷ್ಟ ಇರುವುದು ಅಚ್ಚಿನಲ್ಲಿ. 1250 ಡಿಗ್ರಿಗೂ ಮೇಲೆ ಕಾದ ಉಕ್ಕನ್ನು ಯಾವ ಅಚ್ಚಿಗೆ ಒತ್ತಬೇಕು? ಉಕ್ಕಿನ ಅಚ್ಚೇ ಆದರೆ ಅದೂ ಮೆತ್ತಗಾಗಿ, ಬಿರುಕು ಬಿಟ್ಟು ಬೇಗ ಹಾಳಾಗುತ್ತದೆ. ಅದಕ್ಕೇ ತುಪ್ಪದ ಹದದ ಉಕ್ಕು ಬಹುಮಟ್ಟಿಗೆ ಪ್ರಯೋಗಶಾಲೆಗಳಲ್ಲೇ ಉಳಿದಿದೆ. ಕಾರ್ಖಾನೆಗೆ ಹೋದದ್ದು ಅಲ್ಯುಮಿನಿಯಂ. ಅದು 660 ಡಿಗ್ರಿಗೇ ಕರಗುತ್ತದೆ, ಉಕ್ಕಿನ ಅಚ್ಚು ಅದನ್ನು ತಾಳಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ದತ್ತಾ ಮತ್ತು ಸಂಗಡಿಗರು ಅಲ್ಯುಮಿನಿಯಂ ಮಿಶ್ರಲೋಹವನ್ನು ಆರುವಾಗಲೇ ಕಲಕುವ ಬಗ್ಗೆ ಕೆಲಸ ಮಾಡಿದ್ದಾರೆ. ಅದೂ ಸೌಟಿಲ್ಲದೆ! ಹೊರಗಿನಿಂದ ವಿದ್ಯುತ್ಕಾಂತದ ಬಲದಲ್ಲೇ ಲೋಹ ಒಳಗೊಳಗೆ ತಿರುಗುವಂತೆ ಮಾಡುವ ಉಪಾಯ ಅದು.

ವಾಟಿಯ ಅಂಚು

ಊಟ ಮುಗಿಯಿತು. ಸಂಜೆ ಎ.ಆರ್.ಎ.ಐ. ಟೇಕಡಿಯ ಮೇಲೆ ತಿರುಗಾಡಲು ಹೋಗುವುದು ನಮ್ಮ ರೂಢಿ. 1966ರಲ್ಲಿ ಶುರುವಾದ ವಾಹನ ಸಂಶೋಧನಾ ಸಂಸ್ಥೆ ಅಲ್ಲಿದೆ, ಅದರಿಂದಲೇ ಗುಡ್ಡಕ್ಕೆ ಆ ಹೆಸರು. ಅವತ್ತು ಹೊರಡಲು ಚಪ್ಪಲಿ ಹಾಕಿಕೊಂಡರೆ ಮಕ್ಕಳಿಬ್ಬರೂ ಅಡುಗೆಮನೆಯಲ್ಲಿ. ಕೆಟ್ಟ ಸ್ಪೀಕರಿನಿಂದ ತೆಗೆದ ಅಯಸ್ಕಾಂತಕ್ಕೆ ದಾರ ಕಟ್ಟಿ, ಒಂದೊಂದೇ ಸಾಮಾನಿನ ಮುಂದೆ ತೂಗಿಬಿಟ್ಟು ನೋಡುತ್ತಿದ್ದರು. ಚಾಕು ಟಪ್ಪನೆ ಅಂಟಿತು. “ಮಾರ್ಟೆನ್ಸೈಟ್!” ಎಂದು ಚಿಕ್ಕವ ಕೂಗಿದ. ಸ್ಟೇನ್‌ಲೆಸ್ ಸ್ಟೀಲಿನ ದೊಡ್ಡ ಡಬ್ಬಿಗೆ ಅಯಸ್ಕಾಂತ ಜಗ್ಗಲಿಲ್ಲ. ಅದರಲ್ಲಿ ಕ್ರೋಮಿಯಂ ಜೊತೆಗೆ ನಿಕಲ್ ಬೆರೆಸಿರುತ್ತಾರೆ, ಹಾಗಾಗಿ ತಣ್ಣಗಿದ್ದರೂ ಅದು ಆಸ್ಟೆನೈಟ್ ಆಗಿಯೇ ನಿಂತಿರುತ್ತದೆ.

ತುಪ್ಪದ ವಾಟಿಯ ಹತ್ತಿರ ಮೊಮ್ಮಗಳು ತಡೆದಳು. ತಳದ ಮುಂದೆ ಅಯಸ್ಕಾಂತ ನೆಟ್ಟಗೆ ತೂಗುತ್ತಿತ್ತು. ಅಂಚಿನ ಬಳಿ ತಂದರೆ ಮೆಲ್ಲಗೆ ವಾಟಿಯ ಕಡೆ ವಾಲುತ್ತಿತ್ತು. ಮತ್ತೆ ಮಾಡಿದಳು, ಮತ್ತೆ ಹಾಗೇ.

“ಒಂದ ವಾಟಿ ಅಲ್ಲಜ್ಜಾ? ತಳ ಒಂದ ಥರಾ, ಅಂಚು ಒಂದ ಥರಾ ಯಾಕ?”

ನಾನು ಬಾಯಿ ತೆರೆಯಲಿಲ್ಲ. “ವಾಟಿ ಹೆಂಗ ಮಾಡತಾರ, ಹೇಳು ನೋಡೂಣು” ಅಂದೆ ಅಷ್ಟೇ.

“ಸಪಾಟ ತಗಡು ಇಟ್ಟು ಯಂತ್ರದಾಗ ಒತ್ತತಾರ.” ವಾಟಿಯನ್ನು ಅಂಗೈಯಲ್ಲಿ ತಿರುಗಿಸುತ್ತ ನಿಂತಳು. “ಒತ್ತಿದಾಗ ತಳ ಇದ್ದಂಗ ಇರತೈತಿ. ಅಂಚು ಭಾಳ ಎಳದಾಡತೈತಿ…” ಒಂದು ಕ್ಷಣ ಸುಮ್ಮನಾದಳು. “ಅಜ್ಜಾ, ತಡದು ನಿಂತಿದ್ದ ಮನಿ ಬರೇ ಕಾವಿಗೆ ಅಲ್ಲ, ಜಗ್ಗಿದ್ರೂ ಬದಲಾಗತೈತೇನು?”

ಆಗುತ್ತದೆ. ಎಳೆದಾಟದ ರಭಸಕ್ಕೆ ಅಂಚಿನ ಒಂದಷ್ಟು ಆಸ್ಟೆನೈಟ್ ಮಾರ್ಟೆನ್ಸೈಟ್ ಆಗಿತ್ತು. ನಾನು ಈ ಮಾತನ್ನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಟೇಕಡಿಗೆ ಹೋಗುವುದು ಅವತ್ತು ಅರ್ಧ ತಾಸು ತಡವಾಯಿತು. ಪಕ್ಕದ ಮನೆಯ ವಾಟಿಗಳನ್ನೂ ನೋಡಿ ಬರಬೇಕಿತ್ತಂತೆ.